ಓಣಿಗೆ ಬಂದ ಪುಸ್ತಕದ ಪೆಟ್ಟಿಗೆ

ಬಾಗಲಕೋಟೆ ಎಂಬುದು ಒಂದೇ ಹೆಸರಿನ ಮೂರು ಊರು. ಘಟಪ್ರಭೆಯ ದಂಡೆಯ ಹಳೆಯ ಪಟ್ಟಣ ಒಂದು, ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರ ಇನ್ನೊಂದು, ಕಾಲೇಜುಗಳ ವಿದ್ಯಾಗಿರಿ ಮತ್ತೊಂದು. 1906ರಲ್ಲಿ ಹುಟ್ಟಿದ ಬಸವೇಶ್ವರ ವಿದ್ಯಾವರ್ಧಕ ಸಂಘದ ಸಂಸ್ಥೆಗಳಿಂದಾಗಿ ವಿದ್ಯಾಗಿರಿಗೆ ಆ ಹೆಸರು ಒಪ್ಪುತ್ತದೆ. 1963ರಲ್ಲಿ ಆರಂಭವಾದ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಇಲ್ಲಿಯದೇ. ಇಂಥ ಬಡಾವಣೆಯಲ್ಲಿ ಪುಸ್ತಕಕ್ಕೇನು ಬರ ಎಂದು ಯಾರಾದರೂ ಕೇಳಬಹುದು. ಕಾಲೇಜುಗಳ ಗ್ರಂಥಾಲಯಗಳಲ್ಲಿ ಪುಸ್ತಕಗಳಿಗೆ ಕೊರತೆಯಿಲ್ಲ, ನಿಜ. ಆದರೆ ಅವುಗಳ ಬಾಗಿಲು ತೆರೆಯುವುದು ಗುರುತಿನ ಚೀಟಿ ಇದ್ದವರಿಗೆ. ಅದೇ ಕಾಲೇಜಿನ ಗೇಟಿನ ಹೊರಗೆ ಬಾಳೆಹಣ್ಣು ಮಾರುವವನ ಮಗಳಿಗೆ, ಎರಡು ಓಣಿ ಆಚೆ ರೊಟ್ಟಿ ಬಡಿದು ಮಾರುವ ತಾಯಿಗೆ, ಯಾರ ಅಪ್ಪಣೆಯೂ ಬೇಡದೆ ಎತ್ತಿಕೊಂಡು ಓದಬಹುದಾದ ಒಂದು ಪುಸ್ತಕ ಎಷ್ಟು ಹೆಜ್ಜೆ ದೂರದಲ್ಲಿದೆ?

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಜಗತ್ತಿನ ಹಲವು ಕಡೆ ಜನ ಓಣಿ ಓಣಿ ನಡೆಯುತ್ತಿದ್ದಾರೆ. ಮನೆಯ ಮುಂದೆ, ಬಸ್ ನಿಲ್ದಾಣದ ಪಕ್ಕ, ಉದ್ಯಾನದ ಮೂಲೆಯಲ್ಲಿ ಯಾರೋ ನಿಲ್ಲಿಸಿದ ಸಣ್ಣ ಪುಸ್ತಕದ ಪೆಟ್ಟಿಗೆಗಳನ್ನು ಕಂಡುಹಿಡಿಯುವುದು, ಒಂದು ಪುಸ್ತಕ ತೆಗೆದುಕೊಂಡು ಇನ್ನೊಂದನ್ನು ಇಟ್ಟು ಬರುವುದು ಈಗ ಅನೇಕ ಕುಟುಂಬಗಳ ರಜಾದಿನದ ಹವ್ಯಾಸ. ಇದು ಹೊಸದಾಗಿ ಕಾಣುತ್ತದೆ. ಆದರೆ ಪುಸ್ತಕವನ್ನು ಹುಡುಕಿಕೊಂಡು ಮನೆಮನೆಗೆ ನಡೆಯುವುದಾಗಲಿ, ಪುಸ್ತಕವನ್ನೇ ಜನರ ಬಾಗಿಲಿಗೆ ಒಯ್ಯುವುದಾಗಲಿ ನಮ್ಮ ನೆಲಕ್ಕೆ ಹೊಸದಲ್ಲ. ಗ್ರಂಥಾಲಯದ ಇತಿಹಾಸವೆಂದರೆ ಅದರ ಬಾಗಿಲು ಯಾರಿಗೆ ತೆರೆಯಿತು, ಯಾರಿಗೆ ಮುಚ್ಚಿತು ಎಂಬುದರ ಇತಿಹಾಸ. ಆ ಬಾಗಿಲನ್ನೇ ಹಿಡಿದು ಸ್ವಲ್ಪ ಹಿಂದಕ್ಕೆ ಹೋಗೋಣ.

ಸರಸ್ವತೀ ಭಾಂಡಾರದಿಂದ ಅಸಾರ್ ಮಹಲಿನವರೆಗೆ

ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ 1058ರ ಒಂದು ಶಾಸನವಿದೆ. ಕಲ್ಯಾಣ ಚಾಲುಕ್ಯರ ಕಾಲದ ಈ ಶಾಸನ ಅಲ್ಲಿದ್ದ ಘಟಿಕಾಸ್ಥಾನವೊಂದರ ವಿವರ ಕೊಡುತ್ತದೆ. ವಿದ್ಯಾರ್ಥಿಗಳು ಎಷ್ಟು, ಉಪಾಧ್ಯಾಯರು ಎಷ್ಟು ಎಂದು ಲೆಕ್ಕ ಹೇಳುವಾಗ ಆರು ಮಂದಿ ಸರಸ್ವತೀ ಭಾಂಡಾರಿಗರ ಮಾತೂ ಬರುತ್ತದೆ. ಅಂದರೆ ಪುಸ್ತಕ ಭಂಡಾರವನ್ನು ನೋಡಿಕೊಳ್ಳುವವರು. ಅವರ ಜೀವನಕ್ಕೆ ಭೂಮಿಯನ್ನೂ ಬಿಡಲಾಗಿತ್ತು. ಸಾವಿರ ವರ್ಷದ ಹಿಂದೆಯೇ ಕನ್ನಡ ನಾಡಿನಲ್ಲಿ ಗ್ರಂಥಪಾಲನೆ ಸಂಬಳದ ಉದ್ಯೋಗವಾಗಿತ್ತು ಎಂಬುದಕ್ಕೆ ಇದು ಸಾಕ್ಷಿ.

ಅದಕ್ಕೂ ಮೊದಲು ಲಕ್ಕುಂಡಿಯ ಅತ್ತಿಮಬ್ಬೆ ಇನ್ನೊಂದು ದಾರಿ ತೋರಿದ್ದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳು ಆಕೆ. ಅಚ್ಚುಯಂತ್ರವಿಲ್ಲದ ಕಾಲ. ಒಂದೊಂದು ಓಲೆಯ ಮೇಲೂ ಕಂಠದಿಂದ ಕೊರೆಯಬೇಕು. ಹಾಗೆ ಸಾವಿರ ಸಲ ಒಂದೇ ಕಾವ್ಯವನ್ನು ಬರೆಯಿಸುವುದೆಂದರೆ ಎಷ್ಟು ಲಿಪಿಕಾರರ ಎಷ್ಟು ದಿನಗಳ ದುಡಿಮೆ! ದಾನಚಿಂತಾಮಣಿ ಎಂಬ ಬಿರುದು ಆಕೆಗೆ ಸುಮ್ಮನೆ ಬಂದುದಲ್ಲ. ಪುಸ್ತಕವನ್ನು ಕಾಪಿಡುವುದಕ್ಕಿಂತ ಹಂಚುವುದೇ ಅದರ ಉಳಿವಿಗೆ ದಾರಿ ಎಂದು ಆ ಹೆಣ್ಣುಮಗಳು ಅರಿತಿದ್ದಳು.

ಬಾಗಲಕೋಟೆಗೆ ಹತ್ತಿರದ ಬಿಜಾಪುರದಲ್ಲಿ ಆದಿಲ್‌ಶಾಹಿ ಅರಸರ ಗ್ರಂಥಾಲಯ ಹೆಸರಾಗಿತ್ತು. ಒಂದನೆಯ ಅಲಿ ಆದಿಲ್‌ಶಾಹ (1558-1580) ಓದಿನ ಹುಚ್ಚಿದ್ದ ದೊರೆ. ಅವನ ಗ್ರಂಥಾಲಯದಲ್ಲಿ ಲಿಪಿಕಾರರು, ಬಣ್ಣ ಹಚ್ಚುವವರು, ರಟ್ಟು ಕಟ್ಟುವವರು ಕೆಲಸ ಮಾಡುತ್ತಿದ್ದರು. ಶೇಷ ವಾಮನ ಪಂಡಿತ ಎಂಬ ಸಂಸ್ಕೃತ ವಿದ್ವಾಂಸ ಅಲ್ಲಿಯ ಗ್ರಂಥಪಾಲಕನಾಗಿದ್ದ. ಪಾರಸಿ-ಅರಬಿ ಗ್ರಂಥಗಳ ಭಂಡಾರದ ಕೀಲಿಕೈ ಪಂಡಿತನೊಬ್ಬನ ಕೈಯಲ್ಲಿತ್ತು ಎಂಬುದನ್ನು ಇಂದಿನ ದಿನಗಳಲ್ಲಿ ನೆನಪಿಸಿಕೊಳ್ಳುವುದು ಒಳ್ಳೆಯದು.

ಆದರೆ ಆ ಭಂಡಾರದ ಗತಿ ಏನಾಯಿತು? 1686ರಲ್ಲಿ ಔರಂಗಜೇಬನ ಸೈನ್ಯಕ್ಕೆ ಬಿಜಾಪುರ ಬಿದ್ದಾಗ ಗ್ರಂಥಗಳಲ್ಲಿ ಬಹುಪಾಲು ಹೋಯಿತು. ಅಸಾರ್ ಮಹಲಿನಲ್ಲಿ ಉಳಿದಿದ್ದ 434 ಹಸ್ತಪ್ರತಿಗಳನ್ನು ಬ್ರಿಟಿಷರು 1853ರಲ್ಲಿ ಲಂಡನ್ನಿಗೆ ಸಾಗಿಸಿದರು. ಇಂದು ಅವು ಅಲ್ಲಿಯ ಬ್ರಿಟಿಷ್ ಲೈಬ್ರರಿಯಲ್ಲಿವೆ. ನಮ್ಮ ನೆರೆಯ ಊರಿನ ಪುಸ್ತಕ ನೋಡಲು ನಾವೇ ಸಮುದ್ರ ದಾಟಬೇಕಾಗಿದೆ. ಒಂದೇ ಮಹಲಿನಲ್ಲಿ, ಒಂದೇ ಬೀಗದ ಹಿಂದೆ ಕೂಡಿಟ್ಟ ಪುಸ್ತಕಗಳನ್ನು ಒಯ್ಯುವವನಿಗೆ ಒಂದೇ ಸಲ ಒಯ್ಯಲು ಸುಲಭ. ಅತ್ತಿಮಬ್ಬೆ ಹಂಚಿದ್ದನ್ನು ಹಾಗೆ ಒಯ್ಯಲಾಗುತ್ತಿರಲಿಲ್ಲ.

ಒತ್ತೆಯಿಲ್ಲದೆ ಇನ್ನೂರು ಪುಸ್ತಕ

ಪುಸ್ತಕವನ್ನು ಸಾರ್ವಜನಿಕರಿಗೆ ಬಿಟ್ಟುಕೊಡುವ ಪರಂಪರೆ ಮುಸ್ಲಿಂ ಜಗತ್ತಿನಲ್ಲಿ ವಕ್ಫ್ ರೂಪದಲ್ಲಿ ಬೆಳೆಯಿತು. ಬಾವಿ, ಮುಸಾಫಿರಖಾನೆ, ಆಸ್ಪತ್ರೆಗಳನ್ನು ವಕ್ಫ್ ಮಾಡುವಂತೆಯೇ ಪುಸ್ತಕಗಳನ್ನೂ ವಕ್ಫ್ ಮಾಡುವವರಿದ್ದರು. ಒಮ್ಮೆ ವಕ್ಫ್ ಆದ ಪುಸ್ತಕವನ್ನು ಮಾರುವಂತಿಲ್ಲ, ವಾರಸುದಾರರು ಹಂಚಿಕೊಳ್ಳುವಂತಿಲ್ಲ. ಅದು ಓದುವವರ ಸೊತ್ತು.

ಭೂಗೋಳ ಶಾಸ್ತ್ರಜ್ಞ ಯಾಕೂತ್ ಅಲ್ ಹಮವಿಯ ಅನುಭವ ಇಲ್ಲಿ ಉಲ್ಲೇಖನೀಯ. ಆತ ಹುಟ್ಟಿನಿಂದ ಗ್ರೀಕ್ ಮೂಲದವನು. ಬಾಲ್ಯದಲ್ಲಿ ಗುಲಾಮನಾಗಿ ಬಗ್ದಾದಿನ ವ್ಯಾಪಾರಿಯೊಬ್ಬನ ಮನೆ ಸೇರಿದ. ಬಿಡುಗಡೆಯಾದ ಮೇಲೆ ಪುಸ್ತಕಗಳನ್ನು ನಕಲು ಮಾಡಿ ಮಾರಿ ಬದುಕಿದ. ಹದಿಮೂರನೆಯ ಶತಮಾನದ ಆರಂಭದಲ್ಲಿ ಮಧ್ಯ ಏಷ್ಯಾದ ಮರ್ವ್ ನಗರಕ್ಕೆ ಬಂದಾಗ ಅಲ್ಲಿ ಹತ್ತು ವಕ್ಫ್ ಗ್ರಂಥಾಲಯಗಳನ್ನು ಕಂಡ. ಎರವಲು ಪಡೆಯುವುದು ಎಷ್ಟು ಸುಲಭವೆಂದರೆ ತನ್ನ ಮನೆಯಲ್ಲಿ ಸದಾ ಇನ್ನೂರು ಸಂಪುಟಗಳಾದರೂ ಇರುತ್ತಿದ್ದವು, ಅವುಗಳಲ್ಲಿ ಹೆಚ್ಚಿನವಕ್ಕೆ ಒತ್ತೆಯನ್ನೂ ಕೇಳುತ್ತಿರಲಿಲ್ಲ ಎಂದು ಆತನೇ ಬರೆದಿದ್ದಾನೆ. ದೇಶ-ನಗರಗಳ ಕುರಿತ ಅವನ ಬೃಹತ್ ಕೋಶಕ್ಕೆ ಅಲ್ಲಿಯ ಪುಸ್ತಕಗಳೇ ಆಧಾರ. ಮಂಗೋಲರ ದಾಳಿಯ ಸುದ್ದಿ ಬಂದಾಗ ಯಾಕೂತ್ ಓಡಿಹೋಗಬೇಕಾಯಿತು. 1221ರಲ್ಲಿ ಮರ್ವ್ ನಾಶವಾಯಿತು. ಆದರೆ ಆ ಹತ್ತು ಗ್ರಂಥಾಲಯಗಳು ಒಬ್ಬ ಮಾಜಿ ಗುಲಾಮನನ್ನು ನಂಬಿ ಕೊಟ್ಟ ಪುಸ್ತಕಗಳ ಸಾರ ಅವನ ಗ್ರಂಥದಲ್ಲಿ ಉಳಿಯಿತು. ಎರವಲು ಕೊಟ್ಟದ್ದು ಬದುಕಿತು, ಕಪಾಟಿನಲ್ಲಿದ್ದದ್ದು ಬೂದಿಯಾಯಿತು.

ಮನೆಮನೆಗೆ ನಡೆದ ವಕೀಲ

ಈಗ ನಮ್ಮ ಜಿಲ್ಲೆಗೇ ಬರೋಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಿಜಾಪುರದ ವಕೀಲರೊಬ್ಬರು ಕಕ್ಷಿದಾರರನ್ನು ಬಿಟ್ಟು ಪುಸ್ತಕಗಳ ಬೆನ್ನು ಹತ್ತಿದರು. ಅವರೇ ಫ.ಗು. ಹಳಕಟ್ಟಿ (1880-1964). ಆಗ ಬಾಗಲಕೋಟೆ, ಬಾದಾಮಿ, ಹುನಗುಂದ ಎಲ್ಲವೂ ಬಿಜಾಪುರ ಜಿಲ್ಲೆಯ ತಾಲೂಕುಗಳು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ.

ಹನ್ನೆರಡನೆಯ ಶತಮಾನದ ಶರಣರ ವಚನಗಳು ಆ ಹೊತ್ತಿಗೆ ಅಚ್ಚಾಗಿದ್ದುದು ತೀರಾ ಕಡಿಮೆ. ಅವು ಮಠಗಳಲ್ಲಿ, ಹಳ್ಳಿಯ ಮನೆಗಳ ದೇವರ ಜಗಲಿಯ ಮೇಲೆ, ಬಟ್ಟೆಯಲ್ಲಿ ಸುತ್ತಿದ ತಾಡೋಲೆಯ ಕಟ್ಟುಗಳಾಗಿ ಕುಳಿತಿದ್ದವು. ಕಟ್ಟಿಗೆ ಪೂಜೆ ನಡೆಯುತ್ತಿತ್ತು, ಬಿಚ್ಚಿ ಓದುವವರು ಅಪರೂಪ. ಹಳಕಟ್ಟಿಯವರು ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ರಬಕವಿ-ಬನಹಟ್ಟಿಯ ನೇಕಾರರ ಓಣಿಗಳೂ ಸೇರಿದಂತೆ ಊರೂರು ಅಲೆದರು. ಓಲೆಗರಿ ಕೊಡಲು ಒಪ್ಪದವರ ಮನ ಒಲಿಸಿದರು, ಕೊಟ್ಟಲ್ಲಿ ತಂದು ನಕಲು ಮಾಡಿದರು. 1923ರಲ್ಲಿ ಅವರ ‘ವಚನಶಾಸ್ತ್ರಸಾರ’ ಹೊರಬಂತು. 1925ರಲ್ಲಿ ಇದ್ದ ಮನೆಯನ್ನು ಮಾರಿ ಹಿತಚಿಂತಕ ಎಂಬ ಮುದ್ರಣಾಲಯ ತೆರೆದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಆರಂಭವಾಯಿತು.

ಪುಸ್ತಕ ಹುಡುಕುವ ಓಣಿಯ ನಡಿಗೆಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೆ? ಹಳಕಟ್ಟಿಯವರಿಗೆ ಪ್ರತಿ ಮನೆಯೂ ಗ್ರಂಥಾಲಯವಾಗಿ ಕಂಡಿತು. ಯಾರೂ ಓದದ ಆ ಸಾವಿರ ಸಣ್ಣ ಗ್ರಂಥಾಲಯಗಳನ್ನು ಅವರು ಎಲ್ಲರೂ ಓದುವ ಒಂದಾಗಿ ಮಾಡಿದರು.

ಅದೇ ಕಾಲದಲ್ಲಿ ಕಾದಂಬರಿಕಾರ ಗಳಗನಾಥರು (1869-1942) ಎದುರು ದಿಕ್ಕಿನಲ್ಲಿ ನಡೆಯುತ್ತಿದ್ದರು. ತಾವೇ ಬರೆದ ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಮರಾಠಿಯ ಪ್ರಭಾವ ಬಲವಾಗಿದ್ದ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಕನ್ನಡ ಓದುಗ ಹುಟ್ಟಿದ್ದು ಇಂಥವರ ಕಾಲ್ನಡಿಗೆಯಿಂದ.

ಫೈಜೀ ಅವರ ವರದಿ

ಆಗ ಈ ಭಾಗದಲ್ಲಿ ಸಾರ್ವಜನಿಕ ವಾಚನಾಲಯಗಳು ಇರಲಿಲ್ಲವೆಂದಲ್ಲ. ಬೆಳಗಾವಿಯಲ್ಲಿ 1848ರಷ್ಟು ಹಿಂದೆಯೇ ‘ನೇಟಿವ್ ಜನರಲ್ ಲೈಬ್ರರಿ’ ಸ್ಥಾಪನೆಯಾಗಿತ್ತು. ಆದರೆ ಇಂಥವು ಹೆಚ್ಚಾಗಿ ಚಂದಾ ಕೊಡಬಲ್ಲ ನೌಕರರು, ವಕೀಲರು, ವ್ಯಾಪಾರಸ್ಥರಿಗೆ ಮೀಸಲು. ಬಡವನಿಗೆ, ದಲಿತನಿಗೆ, ಹೆಣ್ಣುಮಕ್ಕಳಿಗೆ ಆ ಬಾಗಿಲು ದೂರವೇ ಉಳಿಯಿತು.

ಈ ಸ್ಥಿತಿಯನ್ನು ಬದಲಿಸಲು ಯೋಜನೆ ಹಾಕಿಕೊಟ್ಟವರಲ್ಲಿ ಇಂದು ಕನ್ನಡಿಗರು ಬಹುತೇಕ ಮರೆತಿರುವ ಒಬ್ಬ ವಿದ್ವಾಂಸರಿದ್ದಾರೆ. ಅವರು ಆಸಫ್ ಅಲಿ ಅಸ್ಗರ್ ಫೈಜೀ (1899-1981). ಮುಸ್ಲಿಂ ಕಾನೂನಿನ ಮೇಲಿನ ಅವರ ಗ್ರಂಥವನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಬಲ್ಲರು. ಆದರೆ ಅವರು ಗ್ರಂಥಾಲಯ ಚಳವಳಿಗೂ ಸಲ್ಲುವವರು. 1939ರಲ್ಲಿ ಮುಂಬಯಿ ಸರಕಾರ ಅವರ ಅಧ್ಯಕ್ಷತೆಯಲ್ಲಿ ಗ್ರಂಥಾಲಯ ಅಭಿವೃದ್ಧಿ ಸಮಿತಿಯನ್ನು ನೇಮಿಸಿತು. ಮರುವರ್ಷ ಬಂದ ವರದಿ, ರಾಜಧಾನಿಯಲ್ಲಿ ಕೇಂದ್ರ ಗ್ರಂಥಾಲಯ, ಮರಾಠಿ, ಗುಜರಾತಿ, ಕನ್ನಡ ಪ್ರದೇಶಗಳಿಗೆ ಪುಣೆ, ಅಹಮದಾಬಾದ್, ಧಾರವಾಡಗಳಲ್ಲಿ ಪ್ರಾದೇಶಿಕ ಗ್ರಂಥಾಲಯ, ನಂತರ ಜಿಲ್ಲೆ, ತಾಲೂಕು, ಕೊನೆಗೆ ಹಳ್ಳಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಪುಸ್ತಕವನ್ನು ಕೆಳಗಿಳಿಸುವ ನಕ್ಷೆಯನ್ನು ಮುಂದಿಟ್ಟಿತು. ಯುದ್ಧದ ಕಾಲ, ಹಣದ ಅಡಚಣೆ. ವರದಿಯ ಒಂದು ಭಾಗ ಮಾತ್ರ ಸ್ವಾತಂತ್ರ್ಯದ ಆಸುಪಾಸಿನಲ್ಲಿ ಜಾರಿಗೆ ಬಂತು. ಆದರೂ ಸರಕಾರವೊಂದು ಬಾಗಲಕೋಟೆಯಂಥ ತಾಲೂಕಿನ ಹಳ್ಳಿಯ ಓದುಗನನ್ನೂ ತನ್ನ ಲೆಕ್ಕಕ್ಕೆ ಹಿಡಿದದ್ದು ಸಣ್ಣ ಸಂಗತಿಯಲ್ಲ. ಫೈಜೀ ಅವರು ತಾವು ಸಂಗ್ರಹಿಸಿದ್ದ ಅಪೂರ್ವ ಹಸ್ತಪ್ರತಿಗಳನ್ನು ಮುಂಬಯಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಟ್ಟುಬಿಟ್ಟರು. ವರದಿಯಲ್ಲಿ ಬರೆದುದನ್ನು ಮನೆಯ ಕಪಾಟಿನಿಂದಲೇ ಪಾಲಿಸಿದರು ಎನ್ನಬೇಕು.

ಪುಸ್ತಕದ ಪೆಟ್ಟಿಗೆಯ ಕಲ್ಪನೆಯೂ ಭಾರತದಲ್ಲಿ ಹಳೆಯದೇ. ಬರೋಡಾದ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದ ಗ್ರಂಥಪಾಲಕ ವಿಲಿಯಂ ಬೋರ್ಡನ್ ಅವರನ್ನು ಕರೆಸಿಕೊಂಡು ಕಟ್ಟಿದ ವ್ಯವಸ್ಥೆಯಲ್ಲಿ ಮರದ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಹಳ್ಳಿಗಳಿಗೆ ಉಚಿತವಾಗಿ ಕಳುಹಿಸಲಾಗುತ್ತಿತ್ತು. 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಬಂಡಿಯ ಗ್ರಂಥಾಲಯ ಹೊರಟಿತು. ಅದೇ ವರ್ಷ ಎಸ್.ಆರ್. ರಂಗನಾಥನ್ ಅವರ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳ ಗ್ರಂಥ ಪ್ರಕಟವಾಯಿತು. ಪುಸ್ತಕ ಇರುವುದು ಬಳಸಲಿಕ್ಕೆ ಎಂಬುದು ಅವರ ಮೊದಲ ಸೂತ್ರ. ಇಷ್ಟು ಸರಳ ಮಾತನ್ನೂ ಸೂತ್ರವಾಗಿ ಹೇಳಬೇಕಾಗಿ ಬಂತೆಂದರೆ ಅಂದಿನ ಗ್ರಂಥಾಲಯಗಳ ಬೀಗಗಳು ಎಷ್ಟು ಗಟ್ಟಿಯಾಗಿದ್ದವೆಂದು ಊಹಿಸಬಹುದು. ರಂಗನಾಥನ್ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದು 1972ರಲ್ಲಿ ತೀರಿಕೊಂಡರು.

ನಮ್ಮ ತೆರಿಗೆಯ ಆರು ಪೈಸೆ

ಏಕೀಕರಣದ ನಂತರ 1965ರಲ್ಲಿ ನಮ್ಮ ರಾಜ್ಯ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವನ್ನು ಮಾಡಿತು. ಅದು ಜಾರಿಯಾದುದು 1966ರ ನವೆಂಬರ್ 1ರಂದು. ಈ ಕಾನೂನಿನಂತೆ ನಗರಸಭೆಗೆ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರಿರುತ್ತದೆ. ಈಗ ಅದು ಶೇಕಡಾ 6. ಎರಡು ಸಾವಿರ ರೂಪಾಯಿ ತೆರಿಗೆ ಕಟ್ಟುವ ಮನೆ 120 ರೂಪಾಯಿಯನ್ನು ಗ್ರಂಥಾಲಯಕ್ಕೆಂದು ಕೊಡುತ್ತದೆ. ತೆರಿಗೆ ರಸೀತಿಯನ್ನು ಒಮ್ಮೆ ತೆಗೆದು ನೋಡಿದರೆ ಈ ಸಾಲು ಕಣ್ಣಿಗೆ ಬೀಳುತ್ತದೆ. ಹೀಗೆ ವಸೂಲಾದ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಇಲಾಖೆಗೆ ಸಕಾಲದಲ್ಲಿ ಸಲ್ಲಿಸದೆ ಬಾಕಿ ಉಳಿಸಿಕೊಳ್ಳುತ್ತಿವೆ ಎಂಬ ದೂರು ರಾಜ್ಯದಲ್ಲಿ ಬಹು ಹಳೆಯದು. ಅಂದರೆ ಗ್ರಂಥಾಲಯ ಯಾರೋ ಕೊಡುವ ಭಿಕ್ಷೆಯಲ್ಲ, ಪ್ರತಿ ಮನೆಯೂ ಹಣ ತೆತ್ತಿರುವ ಹಕ್ಕು. ಹಕ್ಕೆಂದು ತಿಳಿಯದವರು ಕೇಳುವುದಿಲ್ಲ, ಕೇಳದಿದ್ದರೆ ಬಾಕಿ ಬೆಳೆಯುತ್ತಲೇ ಹೋಗುತ್ತದೆ.

ಹಳ್ಳಿಗಳಲ್ಲಿ ಇತ್ತೀಚೆಗೆ ಬದಲಾವಣೆ ಕಂಡಿದೆ. ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಕೊರೋನಾದಿಂದ ಶಾಲೆ ಮುಚ್ಚಿದ್ದ ಆ ದಿನಗಳಲ್ಲಿ ಅನೇಕ ಮಕ್ಕಳಿಗೆ ಊರಿನ ಗ್ರಂಥಾಲಯವೇ ಶಾಲೆಯಾಯಿತು. ಈಗ ಅವನ್ನು ಅರಿವು ಕೇಂದ್ರಗಳೆಂದು ಕರೆಯುತ್ತಾರೆ.

ಮೈಸೂರಿನ ಬೆಂಕಿ

ಸರಕಾರದ ದಾರಿ ಹೀಗಿದ್ದರೆ, ಕೂಲಿಕಾರನೊಬ್ಬನ ದಾರಿ ಬೇರೆ. ಮೈಸೂರಿನ ರಾಜೀವ್‌ನಗರದ ಸೈಯದ್ ಇಸಾಕ್ ಶಾಲೆಯ ಮೆಟ್ಟಿಲು ಹತ್ತದ ದಿನಗೂಲಿ ಕಾರ್ಮಿಕ. ತನಗೆ ಸಿಗದ ಓದು ಓಣಿಯ ಮಕ್ಕಳಿಗಾದರೂ ಸಿಗಲೆಂದು 2011ರಲ್ಲಿ ಒಂದು ಶೆಡ್ಡಿನಲ್ಲಿ ಉಚಿತ ಗ್ರಂಥಾಲಯ ತೆರೆದರು. ದುಡಿದ ಹಣದಿಂದ ದಿನಪತ್ರಿಕೆ ತರಿಸಿದರು. ದಾನಿಗಳು ಕೊಟ್ಟ ಪುಸ್ತಕಗಳೂ ಸೇರಿ ಸಂಗ್ರಹ ಹನ್ನೊಂದು ಸಾವಿರಕ್ಕೆ ಏರಿತು. ಹೆಚ್ಚಿನವು ಕನ್ನಡದವು. ಭಗವದ್ಗೀತೆ, ಕುರ್‌ಆನ್, ಬೈಬಲ್ ಪ್ರತಿಗಳು ಅಕ್ಕಪಕ್ಕದಲ್ಲಿದ್ದವು.

2021ರ ಏಪ್ರಿಲ್ 9ರ ನಸುಕಿನಲ್ಲಿ ಅದಕ್ಕೆ ಬೆಂಕಿ ಬಿತ್ತು. ಹತ್ತು ವರ್ಷದ ದುಡಿಮೆ ಕೆಲವೇ ಗಂಟೆಗಳಲ್ಲಿ ಬೂದಿಯಾಯಿತು. ಸುದ್ದಿ ಹರಡುತ್ತಿದ್ದಂತೆ ನಾಡಿನ ಮೂಲೆಮೂಲೆಯಿಂದ, ಜಾತಿ-ಧರ್ಮ ನೋಡದೆ, ಜನ ಹಣ ಮತ್ತು ಪುಸ್ತಕದೊಂದಿಗೆ ಮುಂದೆ ಬಂದರು. ಇಸಾಕ್ ಕೈಬಿಡಲಿಲ್ಲ, ಮತ್ತೆ ಪುಸ್ತಕ ಕೂಡಿಸತೊಡಗಿದರು. ಬೂದಿಯ ನಡುವೆ ನಿಂತ ಆ ಮನುಷ್ಯನ ಚಿತ್ರ ಬಹಳ ಜನ ನೋಡಿದ್ದಾರೆ. ಆದರೆ ಗಮನಿಸಬೇಕಾದ ಸಂಗತಿ ಬೇರೆ. ಹತ್ತು ವರ್ಷ ಆ ಶೆಡ್ಡು ನಿಂತಿದ್ದುದು ಬಾಗಿಲು ತೆರೆಯುವ ಒಬ್ಬ ವ್ಯಕ್ತಿ ಪ್ರತಿದಿನ ಬರುತ್ತಿದ್ದುದರಿಂದ. ಪುಸ್ತಕವನ್ನು ಯಾರಾದರೂ ಕೊಡಬಹುದು. ದಿನವೂ ಬೆಳಿಗ್ಗೆ ಕಸ ಗುಡಿಸಿ ಪತ್ರಿಕೆ ಜೋಡಿಸುವವರು ಸಿಗುವುದು ಕಷ್ಟ. ನಾಗಾವಿಯವರು ಆರು ಭಾಂಡಾರಿಗರಿಗೆ ಭೂಮಿ ಬಿಟ್ಟದ್ದು ಇದಕ್ಕಾಗಿಯೇ.

ಪೆಟ್ಟಿಗೆ ಮತ್ತು ನಡಿಗೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಹಡ್ಸನ್ ಎಂಬ ಸಣ್ಣ ಊರಿನಲ್ಲಿ 2009ರಲ್ಲಿ ಟಾಡ್ ಬೋಲ್ ಎಂಬಾತ ಹಳೆಯ ಗ್ಯಾರೇಜಿನ ಬಾಗಿಲ ಹಲಗೆಗಳಿಂದ ಪುಟ್ಟ ಶಾಲೆಯ ಆಕಾರದ ಒಂದು ಪೆಟ್ಟಿಗೆ ಮಾಡಿದ. ಶಿಕ್ಷಕಿಯಾಗಿದ್ದ ತನ್ನ ತಾಯಿಯ ನೆನಪಿಗೆ ಅದರಲ್ಲಿ ಪುಸ್ತಕ ತುಂಬಿ ಮನೆಯ ಮುಂದೆ ನಿಲ್ಲಿಸಿದ. ಬೇಕಾದವರು ಒಯ್ಯಬಹುದು, ಇದ್ದವರು ಇಡಬಹುದು. ಗೆಳೆಯ ರಿಕ್ ಬ್ರೂಕ್ಸ್ ಜೊತೆಗೂಡಿದ. ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿ ಕಟ್ಟಿಸಿದ 2,509 ಗ್ರಂಥಾಲಯಗಳಿಗಿಂತ ಒಂದಾದರೂ ಹೆಚ್ಚು ಪೆಟ್ಟಿಗೆ ನಿಲ್ಲಿಸಬೇಕೆಂಬುದು ಅವರ ಗುರಿಯಾಗಿತ್ತು. ಆ ಸಂಖ್ಯೆ ಮೂರೇ ವರ್ಷದಲ್ಲಿ ದಾಟಿತು. 2018ರಲ್ಲಿ ಬೋಲ್ ತೀರಿಕೊಂಡ. ಇಂದು ನೂರಕ್ಕೂ ಹೆಚ್ಚು ದೇಶಗಳಲ್ಲಿ ಒಂದೂವರೆ ಲಕ್ಷಕ್ಕೂ ಮೀರಿ ಇಂಥ ಪೆಟ್ಟಿಗೆಗಳಿವೆ. ಅವುಗಳನ್ನು ಗುರುತಿಸುವ ನಕ್ಷೆ ಇದೆ. ನಕ್ಷೆ ಹಿಡಿದು ಮಕ್ಕಳ ಕೈಹಿಡಿದು ನಡೆಯುವವರೂ ಇದ್ದಾರೆ.

ಈ ಪೆಟ್ಟಿಗೆ ಸರಕಾರಿ ಗ್ರಂಥಾಲಯಕ್ಕೆ ಬದಲಿಯಲ್ಲ. ಹಾಗೆಂದುಕೊಂಡರೆ ನಾವು ಕಟ್ಟಿದ ಆರು ಪೈಸೆಯ ಲೆಕ್ಕ ಕೇಳುವುದನ್ನೇ ಮರೆತಂತಾಗುತ್ತದೆ. ಆದರೆ ಅದಕ್ಕೆ ತನ್ನದೇ ಆದ ಒಂದು ಗುಣವಿದೆ. ಅದು ಹತ್ತಿರ ಇರುತ್ತದೆ. ಹತ್ತನೆಯ ತರಗತಿ ಮುಗಿಸಿ ಮನೆಯಲ್ಲಿ ಕುಳಿತ ಹುಡುಗಿಯನ್ನು ಪೇಟೆಯ ಗ್ರಂಥಾಲಯಕ್ಕೆ ಒಬ್ಬಳೇ ಕಳುಹಿಸಲು ಒಪ್ಪದ ಮನೆಗಳು ಎಲ್ಲ ಸಮುದಾಯಗಳಲ್ಲೂ ಇವೆ. ಓಣಿಯ ತಿರುವಿನ ತನಕ ಹೋಗಿಬರಲು ಯಾರೂ ತಡೆಯುವುದಿಲ್ಲ. ಉರ್ದು ಶಾಲೆಯಲ್ಲಿ ಓದಿದ ಮಗುವಿಗೆ ಕನ್ನಡದ ಕಥೆಪುಸ್ತಕ ಸಿಗಬೇಕಾದುದು ಅಲ್ಲಿ. ಕನ್ನಡ ಶಾಲೆಯ ಮಗು ಉರ್ದು ಲಿಪಿಯನ್ನು ಮೊದಲ ಸಲ ಬೆರಗಿನಿಂದ ನೋಡಬೇಕಾದುದೂ ಅಲ್ಲೇ.

ನವನಗರವನ್ನು ಯೋಜಿಸಿದವರು ಖ್ಯಾತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಪಟ್ಟಣದ ಓಣಿಗಳು ಬಲಿಯಾದಾಗ ಜನರಿಗೆ ನಿವೇಶನ, ರಸ್ತೆ, ಸೆಕ್ಟರ್ ಸಂಖ್ಯೆ ಸಿಕ್ಕವು. ಆದರೆ ಸಂಜೆ ಒಬ್ಬ ಗಟ್ಟಿಯಾಗಿ ಪೇಪರ್ ಓದಿ ಹತ್ತು ಜನ ಕೇಳುವ ಕಟ್ಟೆಗೆ ಯಾವ ಪರಿಹಾರವೂ ಇರುವುದಿಲ್ಲ. ತಲೆಮಾರುಗಳಿಂದ ಅಕ್ಕಪಕ್ಕದಲ್ಲಿದ್ದವರು ಬೇರೆ ಬೇರೆ ಸೆಕ್ಟರಿಗೆ ಚದುರಿದ ಮೇಲೆ ನೆರೆಯವರ ಪರಿಚಯ ಹೊಸದಾಗಿಯೇ ಆಗಬೇಕು. ಅದಕ್ಕೆ ಪುಸ್ತಕಕ್ಕಿಂತ ಒಳ್ಳೆಯ ನೆಪ ಇನ್ನೊಂದಿಲ್ಲ.

ಆದ್ದರಿಂದ ಬಾಗಲಕೋಟೆಯ ಶಿಕ್ಷಕರು, ಮಸೀದಿ-ಮಠಗಳ ಹಿರಿಯರು, ಯುವಕ ಸಂಘಗಳು ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ವಿದ್ಯಾಗಿರಿಯಿಂದ ನವನಗರದವರೆಗೆ ನಡೆಯಲಿ. ಎಲ್ಲೆಲ್ಲಿ ಪುಸ್ತಕ ಓದಲು ಸಿಗುತ್ತದೆ ಎಂದು ಮಕ್ಕಳೇ ನಕ್ಷೆ ಬರೆಯಲಿ. ಸರಕಾರಿ ಗ್ರಂಥಾಲಯ ಎಷ್ಟು ಗಂಟೆಗೆ ತೆರೆಯುತ್ತದೆ, ಮಕ್ಕಳಿಗೆ ಅಲ್ಲಿ ಕೂರಲು ಜಾಗವಿದೆಯೇ, ಯಾವ ಚಹಾ ಅಂಗಡಿಯಲ್ಲಿ ನಾಲ್ಕು ಪತ್ರಿಕೆ ಇವೆ, ಯಾವ ನಿವೃತ್ತ ಮೇಷ್ಟ್ರ ಮನೆಯಲ್ಲಿ ಕಪಾಟು ತುಂಬಿ ಕುಳಿತಿದೆ ಎಂದು ಗುರುತು ಹಾಕಲಿ. ಹಳಕಟ್ಟಿಯವರ ಅನುಭವ ಹೇಳುವಂತೆ ಪುಸ್ತಕ ಎಷ್ಟೋ ಮನೆಗಳಲ್ಲಿ ಇರುತ್ತದೆ, ಕೇಳುವವರು ಹೋಗಿರುವುದಿಲ್ಲ. ನಕ್ಷೆಯಲ್ಲಿ ಖಾಲಿ ಉಳಿದ ಓಣಿಯಲ್ಲಿ ಮಳೆಗೆ ನೆನೆಯದ ಒಂದು ಪೆಟ್ಟಿಗೆ ನಿಲ್ಲಿಸಲು ಬಡಗಿಯೊಬ್ಬನ ಒಂದು ದಿನದ ಕೆಲಸ ಸಾಕು. ಆದರೆ ಅದನ್ನು ನೋಡಿಕೊಳ್ಳುವ ಒಂದು ಮನೆಯ ಹೆಸರು ಮೊದಲೇ ಗೊತ್ತಾಗಿರಲಿ.

ಪುಸ್ತಕ ಕಳುವಾದರೆ ಎಂದು ಕೇಳುವವರಿರುತ್ತಾರೆ. ಮರ್ವ್‌ನ ಗ್ರಂಥಪಾಲಕರು ಯಾಕೂತನಿಂದ ಒತ್ತೆ ಕೇಳಲಿಲ್ಲ. ಒಯ್ದವನು ಓದಿದರೆ ಪುಸ್ತಕ ತನ್ನ ಕೆಲಸ ಮಾಡಿತು. ಓದದೆ ರದ್ದಿಗೆ ಹಾಕಿದರೆ ಹೋದದ್ದು ಒಂದು ಪುಸ್ತಕ. ಬೀಗ ಹಾಕಿದ ಕಪಾಟಿನಲ್ಲಿ ಎಲ್ಲ ಪುಸ್ತಕಗಳೂ ಇರುತ್ತವೆ, ಓದುಗರು ಇರುವುದಿಲ್ಲ.